ಸ್ಕ್ಯಾನರ್ ಬಿಟ್ಟೆ, ಎರಡು ಖಾತೆ ಹಿಡಿದೆ: ಬಗ್ ಬೌಂಟಿಯಲ್ಲಿ ನನ್ನ ಅನುಭವ

ತಮ್ಮ ಸೈಟು, ಆಪುಗಳಲ್ಲಿನ ಭದ್ರತಾ ದೋಷ (ಬಗ್) ಹುಡುಕಿ ತಿಳಿಸಿದವರಿಗೆ ಕಂಪನಿಗಳು ಕೊಡೋ ಬಹುಮಾನವೇ ಬಗ್ ಬೌಂಟಿ. ಹೋದ ತಿಂಗಳು ಅಂಥ ಒಂದೇ ರಿಪೋರ್ಟಿಗೆ 1,500 ಡಾಲರ್ ಬಂತು. ಕಮಿಷನ್ ಎಲ್ಲ ಕಳೆದು ಕೈಗೆ ಸಿಕ್ಕಿದ್ದು ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರ. ತಾನಾಗೇ ಬಗ್ ಹುಡುಕೋ ಸ್ಕ್ಯಾನರ್ ಮುಟ್ಟೋದಿಲ್ಲ, ಒಂದೇ ಸೈಟಲ್ಲಿ ನನ್ನವೇ ಎರಡು ಖಾತೆ ಮತ್ತು ಒಂದು ನೋಟ್‌ಬುಕ್ ಇಟ್ಟುಕೊಂಡೇ ಬಗ್ ಹುಡುಕ್ತೀನಿ ಅಂದಾಗ ಜೊತೆಗೆ ಕಲಿತವರೆಲ್ಲ ಆಗೋ ಮಾತಾ ಅಂದಿದ್ದರು. ಆಯ್ತು. ಅದಕ್ಕೇ ಬರೀತಿದ್ದೀನಿ.

ಶುರು ಮಾಡಿದ್ದು 2021ರಲ್ಲಿ. ಡಿಪ್ಲೊಮಾ ಮುಗಿಸಿ ಬೆಂಗಳೂರಲ್ಲಿ ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಸೇರಿದ್ದೆ, ನೈಟ್ ಶಿಫ್ಟ್. ಎಸ್‌ಪಿ ರೋಡಲ್ಲಿ ಹಳೇ ಥಿಂಕ್‌ಪ್ಯಾಡ್ ತಗೊಂಡೆ, 18 ಸಾವಿರ. 16 ಜಿಬಿ ರ‍್ಯಾಮ್ ಹಾಕಿಸೋಕೆ ಇನ್ನೂ ಮೂರು ಸಾವಿರ. ಅಲ್ಲಿವರೆಗೂ ಸರಿ. ತಪ್ಪು ಮಾಡಿದ್ದು ಕೋಚಿಂಗಿಗೆ 45 ಸಾವಿರ ಕಟ್ಟಿದ್ದು. ಎರಡು ತಿಂಗಳು, ಹ್ಯಾಕಿಂಗ್ ಟೂಲ್ ತುಂಬಿಕೊಂಡೇ ಬರೋ ಕಾಲಿ ಲಿನಕ್ಸಿನ ಮೆನು ತೆಗೆದು ಒಂದೊಂದೇ ಟೂಲ್ ಹೆಸರು ಹೇಳಿದರು, ಕೊನೆಗೆ ಸರ್ಟಿಫಿಕೇಟ್ ಕೊಟ್ಟರು. ನಿಜವಾಗಿ ಕಲಿತಿದ್ದು ಪೋರ್ಟ್‌ಸ್ವಿಗರ್‌ನವರ ವೆಬ್ ಸೆಕ್ಯುರಿಟಿ ಅಕಾಡೆಮಿಯ ಲ್ಯಾಬ್‌ಗಳಲ್ಲಿ, ಆಮೇಲೆ ನನ್ನ ಲ್ಯಾಪ್‌ಟಾಪಲ್ಲೇ ಜ್ಯೂಸ್ ಶಾಪ್ (ಅಭ್ಯಾಸಕ್ಕೆ ಅಂತಲೇ ಬೇಕಂತ ದೋಷ ಇಟ್ಟ ಡಮ್ಮಿ ಅಂಗಡಿ ಸೈಟ್) ಹಾಕಿಕೊಂಡು. ಎರಡಕ್ಕೂ ಒಂದು ರೂಪಾಯಿ ಖರ್ಚಿಲ್ಲ. ಆ 45 ಸಾವಿರ ಅಪ್ಪ ಅಡಿಕೆ ಮಾರಿ ಕೊಟ್ಟಿದ್ದು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮೊದಲ ಒಂಬತ್ತು ತಿಂಗಳು ಗಳಿಕೆ ಸೊನ್ನೆ. ಎಲ್ಲರ ಹಾಗೆ ನಾನೂ ಕಂಪನಿಯ ಸಬ್‌ಡೊಮೈನ್ (ಮುಖ್ಯ ಸೈಟಿನ ಕೆಳಗಿನ ಉಪಸೈಟು) ಪಟ್ಟಿ ಮಾಡಿ, ನ್ಯೂಕ್ಲಿಯೈ ಅನ್ನೋ ಸ್ಕ್ಯಾನರ್ ಓಡಿಸಿ ಮಲಗ್ತಿದ್ದೆ. ಬೆಳಿಗ್ಗೆ ಎದ್ದು, ಬಂದಿದ್ದನ್ನೆಲ್ಲ ರಿಪೋರ್ಟ್ ಮಾಡ್ತಿದ್ದೆ. ಆ ಹೆಡರ್ ಇಲ್ಲ, ಈ ಕುಕಿಗೆ ಫ್ಲ್ಯಾಗ್ ಇಲ್ಲ ಅಂತ. ಒಟ್ಟು ಅರವತ್ತು ಚಿಲ್ಲರೆ ಕಳಿಸಿರಬೇಕು. ಮುಕ್ಕಾಲು ಪಾಲು ‘ಇನ್ಫರ್ಮೇಟಿವ್’, ಅಂದರೆ ಬರೀ ಮಾಹಿತಿ, ದುಡ್ಡಿಲ್ಲ ಅಂತ ಮುಚ್ಚಿದರು. ಹತ್ತು ಹನ್ನೊಂದು ಡೂಪ್ಲಿಕೇಟ್. ಅದರಲ್ಲಿ ಒಂದು ಒಳ್ಳೇ ಎಕ್ಸ್‌ಎಸ್‌ಎಸ್ (ಬೇರೆಯವರ ಬ್ರೌಸರಲ್ಲಿ ನಮ್ಮ ಕೋಡ್ ಓಡಿಸೋಕೆ ಬಿಡೋ ದೋಷ) ಇತ್ತು, ನನಗಿಂತ ಎರಡೇ ದಿನ ಮುಂಚೆ ಯಾರೋ ಕಳಿಸಿಬಿಟ್ಟಿದ್ದರು. ಇನ್ನೊಂದು ಕಡೆ ಸೆಕೆಂಡಿಗೆ ಇಷ್ಟೇ ರಿಕ್ವೆಸ್ಟ್ ಅಂತ ನಿಯಮದಲ್ಲಿ ಬರೆದಿದ್ದನ್ನ ಓದದೇ ಸ್ಕ್ಯಾನರ್ ಓಡಿಸಿದೆ. ಐಪಿ ಬ್ಲಾಕ್ ಆಯ್ತು, ಎಚ್ಚರಿಕೆಯ ಮೇಲೂ ಬಂತು. ಯೋಚನೆ ಮಾಡಿ, ಅದೇ ಟೂಲ್ ಸಾವಿರಾರು ಜನ ಅದೇ ಸೈಟಿನ ಮೇಲೆ ಓಡಿಸ್ತಿರುವಾಗ ನನಗೆ ಹೊಸದೇನು ಸಿಗಬೇಕು?

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಊರಲ್ಲಿ. ನಮ್ಮ ಕಡೆಯ ಒಂದು ಸಂಸ್ಥೆಯ ಸೈಟಲ್ಲಿ ತಂಗಿಯ ಫೀ ರಸೀದಿ ತೆಗೀತಿದ್ದೆ. ಅಡ್ರೆಸ್ ಬಾರಲ್ಲಿ ರಸೀದಿ ನಂಬರ್ ಇತ್ತು. ಸುಮ್ನೆ ಒಂದು ಅಂಕಿ ಬದಲಾಯಿಸಿದೆ. ಬೇರೆ ಯಾರದೋ ಹುಡುಗಿಯ ಹೆಸರು, ಫೋನ್ ನಂಬರ್ ಎಲ್ಲ ಬಂತು. ಒಳ್ಳೇದಾಗಲಿ ಅಂತ ಅವರಿಗೆ ಮೇಲ್ ಮಾಡಿದೆ. ಮಾರನೇ ದಿನ ಫೋನ್ ಬಂತು: ‘ಯಾರ್ರೀ ನಿಮಗೆ ಪರ್ಮಿಷನ್ ಕೊಟ್ಟಿದ್ದು? ಸೈಬರ್ ಪೊಲೀಸರಿಗೆ ಕೊಡ್ತೀವಿ.’ ಮಾವನ್ನ ಕರ್ಕೊಂಡು ಹೋಗಿ ಕ್ಷಮಾಪಣೆ ಪತ್ರ ಬರೆದುಕೊಟ್ಟು ಬಂದೆ. ಅಪ್ಪ ಒಂದು ವಾರ ಮಾತಾಡಲಿಲ್ಲ.

ಅವರ ಮೇಲೆ ಸಿಟ್ಟಿತ್ತು. ಆಮೇಲೆ ಐಟಿ ಕಾಯ್ದೆ, 2000 ತೆಗೆದು ಓದಿದೆ. 43ನೇ ಸೆಕ್ಷನ್ ಕೇಳೋದು ಒಂದೇ ಪ್ರಶ್ನೆ, ಮಾಲೀಕರ ಅನುಮತಿ ಇತ್ತಾ? ಇಲ್ಲದಿದ್ದರೆ ನಷ್ಟ ತುಂಬಿಕೊಡಬೇಕಾಗುತ್ತೆ. ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್, ಮೂರು ವರ್ಷದವರೆಗೆ ಜೈಲು, ಇಲ್ಲಾ ಐದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ನನ್ನ ಮನಸ್ಸು ಒಳ್ಳೇದಿತ್ತು, ನಿಜ. ಆದರೆ ಆ ಹುಡುಗಿಯ ಫೋನ್ ನಂಬರ್ ನಾನು ನೋಡಿದ್ದೂ ನಿಜ ಅಲ್ವಾ? ಈಗ ಇಂಥದ್ದು ಕಣ್ಣಿಗೆ ಬಿದ್ದರೆ ಕೈ ಹಾಕೋದಿಲ್ಲ, ಕಂಡಷ್ಟನ್ನ ಸರ್ಟ್-ಇನ್‌ಗೆ ಬರೆದು ಸುಮ್ಮನಾಗ್ತೀನಿ. ಅದು ಸೈಬರ್ ಭದ್ರತೆ ನೋಡಿಕೊಳ್ಳೋ ಕೇಂದ್ರ ಸರ್ಕಾರದ್ದೇ ಸಂಸ್ಥೆ, ಇಂಥ ರಿಪೋರ್ಟ್ ತಗೊಳ್ಳೋಕೆ ಅಲ್ಲಿ ವ್ಯವಸ್ಥೆ ಇದೆ.

ಆಮೇಲೆ ದಾರಿ ಬದಲಾಯಿಸಿದೆ. ವೆಬ್ ಆಪ್‌ಗಳ ಹತ್ತು ದೊಡ್ಡ ಭದ್ರತಾ ಅಪಾಯಗಳ ಪಟ್ಟಿಯಾದ ಓವಾಸ್ಪ್ ಟಾಪ್ ಟೆನ್‌ನಲ್ಲಿ, 2021ರಲ್ಲಿ ಬ್ರೋಕನ್ ಆಕ್ಸೆಸ್ ಕಂಟ್ರೋಲ್ (ತನ್ನದಲ್ಲದ್ದನ್ನ ನೋಡೋಕೆ ಬಿಡೋ ದೋಷ) ಐದರಿಂದ ಒಂದನೇ ಜಾಗಕ್ಕೆ ಬಂದಿತ್ತು. ಸ್ಕ್ಯಾನರಿಗೆ ಸುಲಭಕ್ಕೆ ಸಿಗದ ಜಾತಿ ಅದು. ಈ ಬಿಲ್ ಯಾರದು, ಇದನ್ನ ಯಾರು ನೋಡಬಹುದು ಅನ್ನೋದು ಟೂಲಿಗೆ ಏನು ಗೊತ್ತಾಗುತ್ತೆ? ಹಾಗಾಗಿ ಒಂದೇ ಪ್ರೋಗ್ರಾಂ, ಅಂದರೆ ಒಂದೇ ಕಂಪನಿಯ ಬೌಂಟಿ ಯೋಜನೆ ಹಿಡಿದೆ, ಆರು ತಿಂಗಳು ಬಿಡಲಿಲ್ಲ. ಮೊದಲ ಎರಡು ವಾರ ಬರೀ ಗಿರಾಕಿ ಥರ ಬಳಸಿದೆ. ಫೈರ್‌ಫಾಕ್ಸಿನ ಎರಡು ಕಂಟೇನರಲ್ಲಿ (ಒಂದರ ಲಾಗಿನ್ ಇನ್ನೊಂದಕ್ಕೆ ಬೆರೆಯದ ಟ್ಯಾಬ್) ಎರಡು ಖಾತೆ. ಇನ್ನೂರು ಪುಟದ ನೋಟ್‌ಬುಕ್ಕಲ್ಲಿ ಗೆರೆ ಎಳೆದು ಎಡಕ್ಕೆ ರಿಕ್ವೆಸ್ಟ್, ನಡುವೆ ಅದರೊಳಗಿನ ಐಡಿ, ಬಲಕ್ಕೆ ‘ಎರಡನೇ ಖಾತೆಯಿಂದ ಏನಾಯ್ತು’. ಒಂದೂವರೆ ನೋಟ್‌ಬುಕ್ ತುಂಬಿತು. ಟೂಲ್ ಅಂದರೆ ಬರ್ಪ್ ಫ್ರೀ ವರ್ಷನ್ನೇ, ಅದರಲ್ಲೂ ಬ್ರೌಸರಿನ ರಿಕ್ವೆಸ್ಟ್ ಹಿಡಿದು ತೋರಿಸೋ ಪ್ರಾಕ್ಸಿ ಮತ್ತು ಅದನ್ನ ತಿದ್ದಿ ಮತ್ತೆ ಕಳಿಸೋ ರಿಪೀಟರ್ ಎರಡೇ. ಉದ್ದದ ರ‍್ಯಾಂಡಮ್ ಐಡಿ ಇದ್ದರೆ ಅದು ಎಲ್ಲಿ ಸೋರುತ್ತೆ ಅಂತ ಹುಡುಕೋಕೆ ನನ್ನದೊಂದು ಜಾಗ ಇದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮೊದಲ ದುಡ್ಡು 250 ಡಾಲರ್, ಅದೂ ಈ ಪ್ರೋಗ್ರಾಂ ಹಿಡಿದ ನಾಲ್ಕನೇ ತಿಂಗಳಲ್ಲಿ. ಬ್ಯಾಂಕಿನವರು ಪರ್ಪಸ್ ಕೋಡ್ (ವಿದೇಶದ ದುಡ್ಡು ಯಾತಕ್ಕೆ ಬಂತು ಅನ್ನೋ ಸಂಕೇತ) ಕೇಳಿ ಹತ್ತು ದಿನ ತಡೆಹಿಡಿದರು. ‘ಹ್ಯಾಕಿಂಗ್’ ಅನ್ನೋ ಪದ ಬಾಯಿ ತಪ್ಪಿ ಹೇಳಿದ್ದಕ್ಕೆ ಮ್ಯಾನೇಜರ್ ಕ್ಯಾಬಿನ್‌ವರೆಗೂ ಹೋಗಬೇಕಾಯ್ತು. ಈಗ ಸಾಫ್ಟ್‌ವೇರ್ ಟೆಸ್ಟಿಂಗ್ ಅಂತೀನಿ, ಅದೂ ಸತ್ಯವೇ.

1,500 ಡಾಲರಿನದು ಹೀಗಾಯ್ತು. ಇನ್‌ವಾಯ್ಸ್ ಪಿಡಿಎಫ್ ಇಳಿಸುವ ರಿಕ್ವೆಸ್ಟ್. ಮೊದಲ ಖಾತೆಯ ಟೋಕನ್ (ಲಾಗಿನ್ ಗುರುತು) ಇಟ್ಟು ಎರಡನೇ ಖಾತೆಯ ಇನ್‌ವಾಯ್ಸ್ ನಂಬರ್ ಹಾಕಿದೆ. 403, ಅಂದರೆ ಅನುಮತಿ ಇಲ್ಲ. ರಿಕ್ವೆಸ್ಟಿನ ಮೆಥಡ್ ಬದಲಾಯಿಸಿದೆ, 405, ಈ ಮೆಥಡ್ ನಡೆಯಲ್ಲ ಅಂತ. ಇಲ್ಲಿಗೆ ಸಾಮಾನ್ಯವಾಗಿ ಎಲ್ಲರೂ ಎದ್ದು ಹೋಗ್ತಾರೆ. ನನ್ನ ನೋಟ್‌ಬುಕ್ಕಿನ ಮೂವತ್ತನೇ ಪುಟದಲ್ಲೋ ಎಲ್ಲೋ, ಅವರ ಹಳೇ ಮೊಬೈಲ್ ಆಪ್ ಸರ್ವರಿನ ವಿ1 (ಹಳೇ ವರ್ಷನ್) ಅನ್ನೋ ದಾರಿಗೆ ಹೋಗುತ್ತೆ ಅಂತ ಬರೆದಿಟ್ಟಿದ್ದೆ. ವೆಬ್‌ಸೈಟ್ ವಿ3ರಲ್ಲಿತ್ತು. ರಿಪೀಟರಲ್ಲಿ 3 ಅಳಿಸಿ 1 ಬರೆದು ಕಳಿಸಿದೆ. 200, ಅಂದರೆ ಸರಿ, ತಗೋ. ಎಂಬತ್ತು ಕೆಬಿ ಚಿಲ್ಲರೆ ಫೈಲ್ ಬಂತು. ತೆರೆದರೆ ನಮ್ಮಜ್ಜಿಯ ಹೆಸರು, ಕೆಳಗೆ ನಮ್ಮೂರಿನ ಪಿನ್‌ಕೋಡ್. ಎರಡನೇ ಖಾತೆಗೆ ಅಜ್ಜಿಯ ಹೆಸರೇ ಇಟ್ಟಿದ್ದೆ. ರಾತ್ರಿ ಎರಡೂವರೆ ಆಗಿತ್ತು. ಕೈ ನಡುಗ್ತಿತ್ತು.

ಕ್ರ್ಯಾಕರ್ (ಕದಿಯೋಕೆ ಅಂತ ಹ್ಯಾಕ್ ಮಾಡುವವನು) ಮತ್ತು ನಾವು ಬೇರೆಯಾಗೋದು ಈ ಜಾಗದಲ್ಲೇ. ಟೂಲ್ ಒಂದೇ, ರಿಕ್ವೆಸ್ಟ್ ಕೂಡ ಒಂದೇ. ಅಜ್ಜಿಯ ಇನ್‌ವಾಯ್ಸಿನ ಮುಂದಿನ ನಂಬರ್ ಯಾರದೋ ನಿಜವಾದ ಮನುಷ್ಯರದು. ಕ್ರ್ಯಾಕರ್ ಆದರೆ ಅಲ್ಲಿ ಹತ್ತು ಸಾಲಿನ ಪೈಥಾನ್ ಬರೆದು ಬೆಳಗಾಗುವುದರೊಳಗೆ ಲಕ್ಷ ಜನರ ವಿಳಾಸ ಇಳಿಸಿಕೊಳ್ತಾನೆ. ನಾನು ಒಂದೇ ಪಿಡಿಎಫ್‌ಗೆ ನಿಲ್ಲಿಸಿದೆ, ಅದೂ ನನ್ನದೇ ಖಾತೆಯದು. ‘ಎಷ್ಟು ಜನರದ್ದು ಸಿಗುತ್ತೆ ನೋಡಬೇಕಿತ್ತು, ಇನ್ನೂ ಜಾಸ್ತಿ ಕೊಡ್ತಿದ್ರು’ ಅಂತ ಒಬ್ಬ ಗೆಳೆಯ ಹೇಳಿದ. ನಾನು ಒಪ್ಪೋದಿಲ್ಲ. ನಂಬರ್ ಸಾಲಾಗಿವೆ ಅನ್ನೋದು ನನ್ನ ಎರಡು ಖಾತೆಯಿಂದಲೇ ಗೊತ್ತಾಗುತ್ತೆ, ರಿಪೋರ್ಟಿಗೆ ಅಷ್ಟು ಸಾಕು. ಸಾಕಾಯ್ತು ಕೂಡ.

ನಡುವೆ ವೈಫೈ ಹುಚ್ಚೂ ಹಿಡಿದಿತ್ತು. ನಮ್ಮ ಕಡೆ ಅರ್ಧ ಮನೆಗಳ ವೈಫೈ ಪಾಸ್‌ವರ್ಡ್ ಮನೆಯವರ ಮೊಬೈಲ್ ನಂಬರೇ. ಅದು ಎಷ್ಟು ಗಟ್ಟಿ ಅಂತ ನೋಡೋಕೆ ನನ್ನ ರೂಟರಿಗೆ ನನ್ನ ನಂಬರನ್ನೇ ಪಾಸ್‌ವರ್ಡ್ ಇಟ್ಟು, ಹ್ಯಾಂಡ್‌ಶೇಕ್ (ಫೋನು ರೂಟರಿಗೆ ಸೇರುವಾಗ ನಡೆಯೋ ಸಂದೇಶ ವಿನಿಮಯ) ಹಿಡಿದು, ಗೆಳೆಯನ ಗೇಮಿಂಗ್ ಪಿಸಿಯಲ್ಲಿ ಪಾಸ್‌ವರ್ಡ್ ಊಹಿಸಿ ನೋಡೋ ಹ್ಯಾಶ್‌ಕ್ಯಾಟ್ ಓಡಿಸಿದೆ. ಹತ್ತು ಅಂಕಿ, ಮೊದಲಿನದು 6ರಿಂದ 9. ಅಂದರೆ ನಾನೂರು ಕೋಟಿ ಸಾಧ್ಯತೆ. ಕೇಳೋಕೆ ದೊಡ್ಡದು. ಅವನ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಮೂರು ಲಕ್ಷದ ಮೇಲೆ ಊಹೆ ಪರೀಕ್ಷಿಸ್ತಿತ್ತು. ಪೂರ್ತಿ ಹುಡುಕಿದರೂ ನಾಲ್ಕು ಗಂಟೆ ಬೇಡ. ನನ್ನದು ಎರಡು ಗಂಟೆ ಹತ್ತು ನಿಮಿಷಕ್ಕೆ ಸಿಕ್ಕಿತು. ಇದರಿಂದ ದುಡ್ಡೇನೂ ಬರಲಿಲ್ಲ. ನಮ್ಮ ಬೀದಿಯ ಏಳೆಂಟು ಮನೆಯವರು ಪಾಸ್‌ವರ್ಡ್ ಬದಲಾಯಿಸಿಕೊಂಡರು.

ಇಲ್ಲಿವರೆಗೆ ಒಟ್ಟು ಒಂಬತ್ತು ಲಕ್ಷದ ಆಸುಪಾಸು ಬಂದಿದೆ. ಲೆಕ್ಕ ಸಿಎ ಹತ್ತಿರ ಇದೆ, ನನಗೆ ಬಾಯಲ್ಲಿ ಇಷ್ಟೇ ನೆನಪು. ನಡುವೆ ಮೂರು ತಿಂಗಳು ಏನೂ ಬರದಿದ್ದದ್ದೂ ಇದೆ, ಹಾಗಾಗಿ ಹೆಲ್ಪ್‌ಡೆಸ್ಕ್ ಕೆಲಸ ಬಿಟ್ಟಿಲ್ಲ. ಅಪ್ಪನ 45 ಸಾವಿರ ವಾಪಸ್ ಕೊಟ್ಟೆ, ಅವರು ಅದನ್ನ ಬೋರ್‌ವೆಲ್ ಮೋಟರಿಗೆ ಹಾಕಿದರು. ಮೊನ್ನೆ ಅದೇ ಪ್ರೋಗ್ರಾಂನವರು ಹೊಸ ಆಪನ್ನ ಸ್ಕೋಪಿಗೆ (ಬಗ್ ಹುಡುಕೋಕೆ ಅನುಮತಿ ಇರೋ ಪಟ್ಟಿಗೆ) ಸೇರಿಸಿದ್ದಾರೆ. ಮೂರನೇ ನೋಟ್‌ಬುಕ್ ತಂದಿದ್ದೀನಿ, ಸದ್ಯಕ್ಕೆ ಎರಡು ವಾರ ಗಿರಾಕಿ ಥರ ಬಳಸ್ತಿದ್ದೀನಿ.