ಮಕ್ಕಳ ಖೋ-ಖೋ ಪಂದ್ಯಕ್ಕೆ ಅಂಪೈರ್ ಆಗಿ ನಿಂತಾಗ

ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನಾನು ವಲಯ ಮತ್ತು ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಬಹುಕಾಲದಿಂದ ಖೋ-ಖೋ ಅಂಪೈರ್ ಕೆಲಸ ಮಾಡುತ್ತಾ ಬಂದಿದ್ದೇನೆ. ಈ ಕೂಟಗಳಿಗೆ ತಂಡ ಕಟ್ಟಿಕೊಂಡು ಬರುವವರೂ ಪಂದ್ಯ ನಡೆಸಿಕೊಡುವವರೂ ನಾವು ಶಿಕ್ಷಕರೇ ಆಗಿರುವುದರಿಂದ, ಬೆಳಿಗ್ಗೆ ನನ್ನ ತೀರ್ಪನ್ನು ಒಪ್ಪಬೇಕಾದ ತರಬೇತುದಾರರು ಮಧ್ಯಾಹ್ನ ನನ್ನ ಶಾಲೆಯ ಪಂದ್ಯಕ್ಕೆ ಸೀಟಿ ಹಿಡಿದು ನಿಂತಿರುತ್ತಾರೆ. ದಾಕ್ಷಿಣ್ಯ ಹುಟ್ಟುವುದು ಇಲ್ಲಿಯೇ.

ನಾನು ಅತಿ ಹೆಚ್ಚು ಕೇಳಿರುವ ಮಾತು, "ಸಣ್ಣ ಹುಡುಗ್ರು ಅದಾರ ಸರ, ಅಷ್ಟಕ್ಕೆಲ್ಲಾ ಸೀಟಿ ಹೊಡೀಬ್ಯಾಡ್ರಿ" ಎಂಬುದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಹದಿಮೂರರ ವಯಸ್ಸಿನಲ್ಲಿ ಮೈಗೆ ಹತ್ತಿದ ತಪ್ಪು ಹದಿನೇಳಕ್ಕೆ ಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಾನು ಬಿಟ್ಟುಕೊಟ್ಟ ಪ್ರತಿಯೊಂದು ಫೌಲಿನ ನಷ್ಟವನ್ನು ಎದುರಿಗೆ ಓಡುತ್ತಿರುವ ಇನ್ನೊಂದು ಮಗು ಭರಿಸಬೇಕಾಗುತ್ತದೆ.

ಖೋ ಕೊಡುವ ಕ್ಷಣವನ್ನೇ ನೋಡಿ. ಹಿಂದಿನಿಂದ ಬೆನ್ನಿಗೆ ಕೈ ತಾಗುವುದು ಮತ್ತು ಓಟಗಾರರಿಗೆ ಕೇಳುವಂತೆ 'ಖೋ' ಎನ್ನುವುದು, ಎರಡೂ ಒಟ್ಟಿಗೇ ಆಗಬೇಕು. ಅಲ್ಲಿಯವರೆಗೆ ಕುಳಿತವರು ಏಳುವಂತಿಲ್ಲ. ಚುರುಕಾದ ಹುಡುಗಿಯೊಬ್ಬಳು ಚೌಕದಲ್ಲಿ ಕುಳಿತಿರುವಾಗ ಅವಳ ಹಿಮ್ಮಡಿ ಮೇಲೆದ್ದಿರುತ್ತದೆ, ಬೆರಳುಗಳು ನೆಲವನ್ನು ಒತ್ತಿ ಹಿಡಿದಿರುತ್ತವೆ, ಗೆಳತಿಯ ಹೆಜ್ಜೆಯ ಸಪ್ಪಳ ಹತ್ತಿರವಾದೊಡನೆ ಕೈ ತಾಗುವ ಮೊದಲೇ ಸೊಂಟ ಮೇಲೇಳುತ್ತದೆ. ಆದ್ದರಿಂದ ಆ ಹೊತ್ತಿಗೆ ನಾನು ಓಟಗಾರ್ತಿಯನ್ನು ನೋಡದೆ ಕುಳಿತವಳ ಸೊಂಟವನ್ನೂ ಬರುತ್ತಿರುವವಳ ಅಂಗೈಯನ್ನೂ ಒಟ್ಟಿಗೆ ಕಾಣುವಂತೆ ಗೆರೆಯ ಹೊರಗೆ ಜೊತೆಜೊತೆಗೇ ಸರಿಯುತ್ತೇನೆ. ಮೊದಲ ನಿಮಿಷದಲ್ಲೇ ಈ ಫೌಲ್ ಊದಿದರೆ ಮಕ್ಕಳು ಎರಡು ಮೂರು ಖೋಗಳಲ್ಲಿ ತಾವಾಗಿಯೇ ತಿದ್ದಿಕೊಳ್ಳುತ್ತಾರೆ. ಆರಂಭದಲ್ಲಿ ಸುಮ್ಮನಿದ್ದು ಕೊನೆಯ ನಿಮಿಷದಲ್ಲಿ ಊದಿದರೆ ಅದು ಪಕ್ಷಪಾತದಂತೆ ಕಾಣುತ್ತದೆ, ಹಾಗೆ ಕಾಣುವುದರಲ್ಲಿ ತಪ್ಪೂ ಇಲ್ಲ.

ದೊಡ್ಡ ವಾದ ನಡೆಯುವುದು ದಿಕ್ಕಿನ ವಿಷಯಕ್ಕೆ. ಬೆನ್ನಟ್ಟುವವನು ಒಂದು ದಿಕ್ಕು ಹಿಡಿದ ಮೇಲೆ ನಡುವೆ ಖೋ ಕೊಡದಿದ್ದರೆ ಕಂಬದ ಗೆರೆಯವರೆಗೆ ಹೋಗಲೇಬೇಕು. ಅವನ ಭುಜಗಳ ಸಾಲು ಹಿಡಿದ ದಿಕ್ಕಿನಿಂದ 90 ಡಿಗ್ರಿಗಿಂತ ಹೆಚ್ಚು ತಿರುಗಬಾರದು. ಫೌಲ್ ಆದರೆ ಹೊರಟಿದ್ದ ದಿಕ್ಕಿಗೆ ವಿರುದ್ಧವಾಗಿ ಓಡಬೇಕಾಗುತ್ತದೆ, ಆ ಫೌಲಿನಿಂದ ಯಾರಾದರೂ ಔಟಾಗಿದ್ದರೆ ಆ ಔಟ್ ಲೆಕ್ಕಕ್ಕಿಲ್ಲ. ಕೈಗೆ ಬಂದ ಔಟ್ ಹೋದಾಗ ತರಬೇತುದಾರರಿಗೆ ಸಿಟ್ಟು ಬರುವುದು ಸಹಜ. "ಅವ ತಿರುಗಿಲ್ರೀ ಸರ, ಬರೇ ಬಗ್ಗ್ಯಾನ" ಎನ್ನುತ್ತಾರೆ. ಆಗ ನಾನು ನಿಯಮದ ಸಂಖ್ಯೆ ಹೇಳುವುದಿಲ್ಲ. "ಎಡಭುಜ ಹಿಂದಕ್ಕೆ ಹೋತ್ರಿ, ನಾ ನೋಡೇನಿ" ಎಂದು ಕಂಡದ್ದನ್ನಷ್ಟೇ ಒಂದು ವಾಕ್ಯದಲ್ಲಿ ಹೇಳಿ ಆಟ ಮುಂದುವರಿಸುತ್ತೇನೆ. ಎರಡನೆಯ ವಾಕ್ಯದಿಂದಲೇ ಜಗಳ ಶುರುವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

2022ರಲ್ಲಿ ಅಲ್ಟಿಮೇಟ್ ಖೋ ಖೋ ಲೀಗ್ ಟಿವಿಯಲ್ಲಿ ಬಂದ ಮೇಲೆ ಇನ್ನೊಂದು ತೊಡಕು ಸೇರಿಕೊಂಡಿದೆ. ಆ ಲೀಗಿನಲ್ಲಿ ವಜೀರ್ ಎಂಬ ಆಟಗಾರ ಯಾವ ದಿಕ್ಕಿಗಾದರೂ ತಿರುಗಿ ಓಡಬಹುದು. ಅದನ್ನು ನೋಡಿ ಬಂದ ಮಕ್ಕಳು ಹಾಗೆಯೇ ತಿರುಗುತ್ತಾರೆ, ಕೆಲವು ತರಬೇತುದಾರರೂ ಟಿವಿಯನ್ನೇ ಸಾಕ್ಷಿಗೆ ತರುತ್ತಾರೆ. ಆಟಕ್ಕೆ ಪ್ರಚಾರ ಸಿಕ್ಕಿದ್ದು ನನಗೆ ತುಂಬಾ ಸಂತೋಷದ ಸಂಗತಿ. ಆದರೆ ನಮ್ಮ ಶಾಲಾ ಪಂದ್ಯದಲ್ಲಿ ವಜೀರ್ ಇಲ್ಲ ಎಂಬುದನ್ನು ಟಾಸ್‌ಗೆ ಮುಂಚೆಯೇ ಇಬ್ಬರೂ ತರಬೇತುದಾರರನ್ನೂ ನಾಯಕರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು ಹೇಳುತ್ತೇನೆ. ಆಟದ ನಡುವೆ ನನ್ನೊಡನೆ ನಾಯಕ ಮಾತ್ರ ಮಾತನಾಡಬೇಕು, ತರಬೇತುದಾರರ ಆಕ್ಷೇಪ ರೆಫರಿಯ ಬಳಿಗೆ ಹೋಗಬೇಕು ಎಂಬುದನ್ನೂ ಅಲ್ಲಿಯೇ ಹೇಳಿಬಿಡುತ್ತೇನೆ.

ಒಮ್ಮೆ ತಾಲ್ಲೂಕು ಮಟ್ಟದ ಬಾಲಕಿಯರ ಪಂದ್ಯದಲ್ಲಿ ಒಳಗೆ ಓಡುತ್ತಿದ್ದ ಮೂವರ ಬ್ಯಾಚಿನಲ್ಲಿ ಮೂರನೆಯ ಓಟಗಾರ್ತಿಯೂ ಔಟಾದಾಗ ಮುಂದಿನ ಬ್ಯಾಚಿನ ಒಬ್ಬಳು ಹೊರಗೆ ನಿಂತು ಬೆನ್ನಿನ ನಂಬರಿಗೆ ಪಿನ್ನು ಹಾಕಿಸಿಕೊಳ್ಳುತ್ತಿದ್ದಳು. ಎರಡು ಖೋ ಆಗುವುದರೊಳಗೆ ಹೊಸ ಬ್ಯಾಚಿನ ಮೂವರೂ ಅಂಕಣದೊಳಗೆ ಇರಬೇಕೆಂಬುದು ನಿಯಮ. ಅವಳು ಬರಲಿಲ್ಲ, ನಾನು ಔಟ್ ಕೊಟ್ಟೆ. ಅವರ ತರಬೇತುದಾರರು ಗೆರೆ ದಾಟಿ ಬಂದು, "ಆಡದ ಹುಡುಗೀನ್ನ ಔಟ್ ಕೊಡ್ತೀರೇನ್ರಿ?" ಎಂದು ಕೂಗಿದರು. ಹುಡುಗಿ ಅಳುತ್ತಿದ್ದಳು. ರೆಫರಿಯವರು ಅವರನ್ನು ಹೊರಗೆ ಕರೆದೊಯ್ದರು. ಸರದಿ ಮುಗಿದ ಮೇಲೆ ನಾನೇ ಆ ಹುಡುಗಿಯ ಬಳಿಗೆ ಹೋಗಿ, ಅವಳ ಓಟದಲ್ಲಿ ದೋಷವಿರಲಿಲ್ಲ, ಪ್ರವೇಶ ತಡವಾಯಿತು ಅಷ್ಟೇ ಎಂದು ತಿಳಿಸಿದೆ. ತೀರ್ಪು ಬದಲಾಗಲಿಲ್ಲ. ತರಬೇತುದಾರರೊಡನೆ ಮಾತನಾಡಿದ್ದು ಸಂಜೆ, ಅವರ ಮಕ್ಕಳಿಲ್ಲದ ಕಡೆ. ಮಕ್ಕಳ ಮುಂದೆ ಯಾವ ಶಿಕ್ಷಕನನ್ನೂ ಸೋಲಿಸಬಾರದು, ಸೋತವನು ಆ ಸಿಟ್ಟನ್ನು ಮರುದಿನ ತನ್ನ ಮಕ್ಕಳ ಮೇಲೆಯೇ ತೀರಿಸಿಕೊಳ್ಳುವ ಭಯವಿರುತ್ತದೆ.

ಈಗ ನಾನು ಓಟಗಾರರ ಸರದಿಯ ಪಟ್ಟಿ ಸ್ಕೋರರ್ ಕೈ ಸೇರಿದೆಯೇ ಎಂದು ನೋಡಿಕೊಂಡ ಮೇಲೆ, ಮುಂದಿನ ಮೂವರು ನಂಬರು ಹಚ್ಚಿಕೊಂಡು ಸಿದ್ಧರಾಗಿ ಗೆರೆಯ ಪಕ್ಕದಲ್ಲೇ ಕುಳಿತಿರಲಿ ಎಂದು ಎರಡೂ ತಂಡಗಳಿಗೆ ಮೊದಲೇ ತಿಳಿಸುತ್ತೇನೆ.