ನೇಕಾರ ಅಪ್ಪನ ಮಾತು, ಮಗನ ರಾಗ: ವೇಲ್ಸಿನ ನಾಡಗೀತೆಯನ್ನು ನಾನು ಕಲಿಸುವ ಬಗೆ

ವೇಲ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ನಾಡಗೀತೆ ‘ಹೇನ್ ವ್ಲಾದ್ ವ ನ್ಹಾದೈ’ಯನ್ನು (‘ನನ್ನ ಹಿರಿಯರ ಹಳೆಯ ನಾಡು’) ಕಲಿಸುವಾಗ ಮೊದಲ ಪಾಠದಲ್ಲಿ ನಾನು ಒಂದು ಪದವನ್ನೂ ಬಾಯಿಗೆ ಕೊಡುವುದಿಲ್ಲ. ಬರೀ ರಾಗ, ಅದೂ ‘ಲಾ ಲಾ’ ಎಂದು. ಹಾಡು ಹುಟ್ಟಿದ್ದೂ ಅದೇ ಕ್ರಮದಲ್ಲಿ. 1856ರ ಜನವರಿಯಲ್ಲಿ ಪಾಂಟಿಪ್ರೀದ್ ಊರಿನ ಜೇಮ್ಸ್ ಜೇಮ್ಸ್‌ಗೆ ರಾಗ ಹೊಳೆಯಿತು. ಹೋಟೆಲು, ಮದ್ಯದಂಗಡಿಗಳಲ್ಲಿ ಕುಣಿತಕ್ಕೆ ಹಾರ್ಪ್ ಎಂಬ ತಂತಿವಾದ್ಯ ನುಡಿಸುತ್ತಿದ್ದವರು ಅವರು. ರಾಗಕ್ಕೆ ಮಾತು ಕಟ್ಟಿಕೊಟ್ಟವರು ಅವರ ತಂದೆ ಇವಾನ್ ಜೇಮ್ಸ್. ವೃತ್ತಿಯಲ್ಲಿ ನೇಕಾರ, ಉಣ್ಣೆ ವ್ಯಾಪಾರಿ. ರೊಂಥಾ ನದಿಯ ದಡದಲ್ಲಿ ಉಣ್ಣೆಯ ಕಾರ್ಖಾನೆ ನಡೆಸುತ್ತಿದ್ದರು. ಹಾಡಿನ ಮೊದಲ ಹೆಸರು ‘ಗ್ಲಾನ್ ರೊಂಥಾ’, ಅಂದರೆ ರೊಂಥಾ ದಂಡೆ.

ರಾಗ ಮೊದಲೇ ಸಿದ್ಧವಿದ್ದುದರಿಂದ ಇವಾನ್‌ಗೆ ಅಕ್ಷರದ ಲೆಕ್ಕದಲ್ಲಿ ಸಡಿಲ ಬಿಡುವ ಅವಕಾಶವೇ ಇರಲಿಲ್ಲ. ಚರಣದ ಮೊದಲ ಮೂರು ಸಾಲಿಗೆ 11 ಅಕ್ಷರ (ಬರಹದ್ದಲ್ಲ, ಒಂದೇ ಸ್ವರದಲ್ಲಿ ನುಡಿಯುವ ತುಂಡು), ನಾಲ್ಕನೆಯದಕ್ಕೆ 8. ಒತ್ತು ಬೀಳುವುದು 2, 5, 8, 11ನೇ ಅಕ್ಷರಗಳ ಮೇಲೆ. ನಾನು ಬರೆದುಕೊಡುವ ಮೊದಲ ಸಾಲು ಹೀಗಿರುತ್ತದೆ, ಗೆರೆಯ ನಂತರದ ಅಕ್ಷರಕ್ಕೆ ಚಪ್ಪಾಳೆ:

ಮೈ । ಹೇನ್ ವ್ಲಾದ್ ವ । ನ್ಹಾ-ದೈ ಅನ್ । ಅನ್-ನುಯ್ಲ್ ಇ । ಮೀ

ನಡೆ ತಿಸ್ರ. ಒಂದು ಪೆಟ್ಟು, ಎರಡು ಎಣಿಕೆ. ತೊಂದರೆ ಎದುರಾಗುವುದು ಮೊದಲ ಅಕ್ಷರದಲ್ಲೇ. ಪೆಟ್ಟಿಗೆ ಸರಿಯಾಗಿ ಎತ್ತುಗಡೆ ಮಾಡಿ ರೂಢಿಯಾದವರು ‘ಮೈ’ ಎನ್ನುತ್ತಲೇ ಚಪ್ಪಾಳೆ ತಟ್ಟುತ್ತಾರೆ. ಆಗ ಪೆಟ್ಟುಗಳೆಲ್ಲ ಮೈ, ವ, ಅನ್, ಇ ಎಂಬ ಚಿಲ್ಲರೆ ಪದಗಳ ಮೇಲೆ ಬಿದ್ದು, ತೂಕವಿರುವ ‘ಹೇನ್’, ‘ನ್ಹಾದೈ’, ‘ಅನ್ನುಯ್ಲ್’ ಹಗುರಾಗುತ್ತವೆ. ಆದ್ದರಿಂದ ‘ಮೈ’ ಅನ್ನುವಾಗ ಕೈ ಗಾಳಿಯಲ್ಲೇ ಇರಬೇಕು, ‘ಹೇನ್’ಗೆ ಇಳಿಯಬೇಕು. ಇದು ಕೂಡುವವರೆಗೆ ಎರಡನೇ ಸಾಲಿಗೆ ಹೋಗುವುದು ಬೇಡ. ಇದೊಂದು ಕೂತರೆ ಮುಂದಿನ ಮೂರೂ ಸಾಲು ತಾವಾಗಿ ಕೂರುತ್ತವೆ.

ಎರಡನೆಯ ಕಷ್ಟ ನಮ್ಮ ನಾಲಿಗೆಯದು. ಪದದ ಕೊನೆಗೆ ಉಕಾರ ಸೇರಿಸುವುದು ನಮಗೆ ಉಸಿರಾಟದಷ್ಟೇ ಸಹಜ. ‘ಬಸ್ಸು’, ‘ಕಾರು’ ಎಂದೇ ಬೆಳೆದವರು. ಪಲ್ಲವಿಯ ‘ಗ್ವ್ಲಾದ್’ (ನಾಡು) ಒಂದೇ ಅಕ್ಷರ. ಅದು ‘ಗುವಲಾದು’ ಆದರೆ ನಾಲ್ಕಾಗುತ್ತದೆ. ಪಲ್ಲವಿ ಶುರುವಾಗುವುದೇ ‘ಗ್ವ್ಲಾದ್, ಗ್ವ್ಲಾದ್’ ಎಂಬ ಎರಡು ನೀಳ ಸ್ವರಗಳಿಂದ, ಹಾಗಾಗಿ ಇಲ್ಲಿ ತಪ್ಪಿದರೆ ಎಲ್ಲರಿಗೂ ಕೇಳಿಸುತ್ತದೆ. ಮೊದಲು ಬರೀ ‘ಲಾದ್’ ಹೇಳಿಸಿ. ಆಮೇಲೆ ತುಟಿ ದುಂಡಗೆ ಮಾಡಿಕೊಂಡೇ ‘ಗ್’ ಹಚ್ಚಿ. ದೀರ್ಘವೆಲ್ಲ ‘ಆ’ಕಾರಕ್ಕೆ, ‘ದ್’ ಕೊನೆಯ ಕ್ಷಣದಲ್ಲಿ ನಾಲಿಗೆ ತಾಗಿಸಿ ಮುಚ್ಚುವುದಷ್ಟೇ.

ವೆಲ್ಷ್ ಎಂದರೆ ಹೆದರುವವರಿಗೆ ಒಂದು ಸಮಾಧಾನದ ಲೆಕ್ಕ ಕೊಡುತ್ತೇನೆ. ಮೊದಲ ಚರಣ, ಪಲ್ಲವಿ ಎರಡೂ ಸೇರಿ, ಆ ಭಾಷೆಯ ಹೆಸರಾಂತ ಉಸಿರಿನ ‘ಲ’ಕಾರ ಬರುವುದು ಒಂದೇ ಸಲ, ನಾಲ್ಕನೇ ಸಾಲಿನ ‘ಗೊಲ್ಲಾಸಂತ್’ ಪದದಲ್ಲಿ. ನಾಲಿಗೆಯನ್ನು ‘ಲ’ ಜಾಗದಲ್ಲೇ ಒತ್ತಿ ಹಿಡಿದು, ಗಂಟಲಿನ ದನಿ ನಿಲ್ಲಿಸಿ, ಪಕ್ಕದಿಂದ ಉಸಿರು ಬಿಡಬೇಕು. ‘ಖ಼ಾಂತೋರ್ಯೋನ್’ ಪದದ ಮೊದಲ ಅಕ್ಷರ ಗಂಟಲಲ್ಲಿ ಉಜ್ಜಿ ಬರುವ ಖ಼, ಉರ್ದು ಬಲ್ಲವರಿಗೆ ಸುಲಭ. ‘ಬೈರ್ದ್’, ‘ರದಿದ್’, ‘ಬದೆದ್’ ಮೂರರಲ್ಲಿ ಬರುವ ದ ಮಾತ್ರ ಎಚ್ಚರ ಬೇಡುತ್ತದೆ: ಮೊದಲ ಪದದಲ್ಲಿ ಕೊನೆಯ ದ, ಉಳಿದೆರಡರಲ್ಲಿ ನಡುವಿನದು. ಅದು ನಮ್ಮ ದ ಅಲ್ಲ. ನಾಲಿಗೆಯ ತುದಿ ಹಲ್ಲುಗಳ ನಡುವೆ ನಿಂತು ದನಿ ಹರಿಯುತ್ತಲೇ ಇರಬೇಕು. ಹಾಳೆಯಲ್ಲಿ ಈ ಮೂರಕ್ಕೂ ಅಡಿಗೆರೆ ಎಳೆಯುತ್ತೇನೆ. ರ ಮಾತ್ರ ನಮಗೆ ಬಂದ ವರ. ಅವರ ಹಾಗೇ ನಾವೂ ನಾಲಿಗೆ ಅದುರಿಸಿಯೇ ಹೇಳುತ್ತೇವೆ.

ಪ್ರಾಸದಲ್ಲಿ ಒಂದು ಕಡೆ ಗಾಯಕರು ಎಡವುತ್ತಾರೆ. ಮೂರನೇ ಸಾಲು ‘ಮಾದ್’ ಎಂದು ಮುಗಿಯುತ್ತದೆ, ನಾಲ್ಕನೆಯದು ‘ಗ್ವೈದ್’ ಎಂದು. ಪುಸ್ತಕದ ಉಚ್ಚಾರದಲ್ಲಿ ಇವು ಕೂಡುವುದಿಲ್ಲ. ದಕ್ಷಿಣ ವೇಲ್ಸಿನ ಆಡುಮಾತಿನಲ್ಲಿ ಎರಡನೆಯದನ್ನು ‘ಗ್ವಾದ್’ ಎನ್ನುತ್ತಾರೆ, ಪ್ರಾಸ ತಾನಾಗಿ ಕೂರುತ್ತದೆ. ನೇಕಾರ ತನ್ನ ಊರಿನ ಕಿವಿಯಿಂದಲೇ ಬರೆದಿದ್ದಾನೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. ನಾನು ‘ಗ್ವಾದ್’ ಕಲಿಸುತ್ತೇನೆ. ಉತ್ತರದವರ ಗುಂಪಿನಲ್ಲಿ ಹಾಡುವುದಾದರೆ ಅವರಂತೆ ಹೇಳಿ.

ಸಾಮಾನ್ಯವಾಗಿ ಹಾಡುವುದು ಮೊದಲ ಚರಣ ಮತ್ತು ಪಲ್ಲವಿ. ಆದರೂ ಮೂರನೆಯ ಚರಣದ ಅರ್ಥವನ್ನು ಹೇಳದೆ ನಾನು ಪಾಠ ಮುಗಿಸುವುದಿಲ್ಲ. ಶತ್ರು ನಾಡನ್ನು ತುಳಿದರೂ ಹಳೆಯ ನುಡಿ ಎಂದಿನಂತೆ ಜೀವಂತ. ದ್ರೋಹದ ಕೈ ಕಾವ್ಯವನ್ನು ತಡೆಯಲಿಲ್ಲ, ನಾಡಿನ ಇಂಪಾದ ಹಾರ್ಪನ್ನೂ ತಡೆಯಲಿಲ್ಲ. 1847ರಲ್ಲಿ ಸರ್ಕಾರಿ ಶಿಕ್ಷಣ ವರದಿಯೊಂದು ವೆಲ್ಷ್ ನುಡಿಯನ್ನೂ ಅದನ್ನಾಡುವವರ ನಡತೆಯನ್ನೂ ಹೀನಾಯವಾಗಿ ಜರೆದಿತ್ತು. ಜನ ಅದನ್ನು ದ್ರೋಹವೆಂದೇ ಕರೆದರು. ಒಂಬತ್ತು ವರ್ಷದ ಮೇಲೆ ಬಂದ ಈ ಹಾಡಿನ ಪಲ್ಲವಿ ಗೆಲುವನ್ನು ಬೇಡುವುದಿಲ್ಲ, ರಾಜನಿಗೆ ಆಯುಸ್ಸನ್ನೂ ಬೇಡುವುದಿಲ್ಲ; ಕಡಲು ಗೋಡೆಯಾಗಿರುವಷ್ಟು ಕಾಲ ಹಳೆಯ ನುಡಿ ಬಾಳಲಿ ಎನ್ನುತ್ತದೆ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಅರ್ಥ ತಿಳಿದ ಮೇಲೆ ‘ಯೈಥ್’ (ನುಡಿ) ಪದಕ್ಕೆ ದನಿ ತಾನೇ ಏರುತ್ತದೆ. ಆ ‘ಥ್’ ಕೂಡ ಹಲ್ಲುಗಳ ನಡುವಿನದು, ಬರೀ ಉಸಿರು.

ಇನ್ನು ವೇಗ. ರಾಗ ಮೊದಲು ಕುಣಿತದ ಚುರುಕಿನಲ್ಲೇ ಇತ್ತು. ದೊಡ್ಡ ಜನಸಮೂಹ ಹಾಡತೊಡಗಿದ ಮೇಲೆ ನಿಧಾನವಾಯಿತು. 1905ರ ಡಿಸೆಂಬರ್ 16ರಂದು ಕಾರ್ಡಿಫ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ರಗ್ಬಿ ಪಂದ್ಯಕ್ಕೆ ಮುನ್ನ, ಎದುರಾಳಿಗಳ ಹಾಕಾ ಕುಣಿತಕ್ಕೆ ಉತ್ತರವಾಗಿ ಆಟಗಾರರೂ ಪ್ರೇಕ್ಷಕರೂ ಇದನ್ನು ಹಾಡಿದರು. ಕ್ರೀಡಾಂಗಣದ ಆ ಎಳೆತವನ್ನು ಹತ್ತು ಜನರ ಗುಂಪು ನಕಲು ಮಾಡಬಾರದು. ಉಸಿರು ಸಾಲದೆ ‘ಗ್ವ್ಲಾದ್’ ನಡುವೆಯೇ ಕತ್ತರಿಸಿ ಹೋಗುತ್ತದೆ. ಸ್ವಲ್ಪ ಚುರುಕಾಗಿಯೇ ಹಾಡಿ.

ಶ್ರುತಿಯನ್ನು ಚರಣದ ಆರಂಭ ನೋಡಿ ಇಡಬೇಡಿ. ಆರಂಭ ತಗ್ಗಿನಲ್ಲಿದೆ, ಹಾಯಾಗಿರುತ್ತದೆ. ಪಲ್ಲವಿ ಮೇಲಕ್ಕೆ ಹೋದಾಗ ಗಂಟಲು ಹಿಡಿಯುತ್ತದೆ. ಮೊದಲು ಪಲ್ಲವಿ ಹಾಡಿಸಿ, ಎಲ್ಲರಿಗೂ ನಿಲುಕುವ ಎತ್ತರ ಗುರುತಿಸಿ, ಅಲ್ಲಿಂದ ಹಿಂದಕ್ಕೆ ಬಂದು ಆಧಾರ ಷಡ್ಜ ಇಟ್ಟುಕೊಳ್ಳಿ. ಉಸಿರಿನ ಜಾಗ: ಪ್ರತಿ ಸಾಲಿನ ಕೊನೆ, ಪಲ್ಲವಿಯಲ್ಲಿ ‘ಹೋಫ್ ಬೈ’ ಆದ ಮೇಲೆ ತುಂಬು ಉಸಿರು, ಮುಂದೆ ‘ಓ ಬದೆದ್ ಇರ್ ಹೇನ್ ಯೈಥ್ ಬರ್-ಹೈ’ ತುಂಡಾಗದಂತೆ ಒಂದೇ ಎಳೆ. ವೆಲ್ಷ್‌ನಲ್ಲಿ ಒತ್ತು ಸಾಮಾನ್ಯವಾಗಿ ಕೊನೆಗಿಂತ ಹಿಂದಿನ ಅಕ್ಷರಕ್ಕೆ, ಆದರೆ ಈ ಕೊನೆಯ ಪದದಲ್ಲಿ ಅದು ‘ಹೈ’ ಮೇಲೆಯೇ ಬೀಳುತ್ತದೆ.