ಮತಗಟ್ಟೆ ಅಧ್ಯಕ್ಷಾಧಿಕಾರಿಯ ಕೆಲಸ ನಿಭಾಯಿಸುವುದು ಹೇಗೆ?

ಲೋಕಸಭೆ ಅಥವಾ ವಿಧಾನಸಭೆ ಚುನಾವಣೆ ಘೋಷಣೆಯಾದ ಕೆಲವೇ ದಿನಗಳಲ್ಲಿ ಶಾಲೆ, ಕಾಲೇಜು ಮತ್ತು ಸರ್ಕಾರಿ ಕಚೇರಿಗಳಿಗೆ ನೇಮಕಾತಿ ಆದೇಶಗಳು ಬರತೊಡಗುತ್ತವೆ. ಆದೇಶದಲ್ಲಿ ‘ಅಧ್ಯಕ್ಷಾಧಿಕಾರಿ’ ಎಂದಿದ್ದರೆ, ಅಲ್ಲಿಯವರೆಗೆ ತರಗತಿಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು ಎರಡು ದಿನಗಳ ಮಟ್ಟಿಗೆ ಒಂದು ಮತಗಟ್ಟೆಯ ಪೂರ್ಣ ಹೊಣೆ ಹೊರುತ್ತಾರೆ. 1951ರ ಜನಪ್ರತಿನಿಧಿ ಕಾಯ್ದೆಯ 26ನೇ ಕಲಮಿನಡಿ ಜಿಲ್ಲಾ ಚುನಾವಣಾಧಿಕಾರಿ ಈ ನೇಮಕ ಮಾಡುತ್ತಾರೆ. ಅದೇ ಕಾಯ್ದೆಯ 28ಎ ಕಲಮಿನ ಪ್ರಕಾರ, ಅಧಿಸೂಚನೆಯಿಂದ ಫಲಿತಾಂಶ ಘೋಷಣೆಯವರೆಗೆ ಆ ನೌಕರರು ಚುನಾವಣಾ ಆಯೋಗದ ನಿಯೋಜನೆಯಲ್ಲಿ ಇದ್ದಾರೆಂದೇ ಪರಿಗಣಿಸಲಾಗುತ್ತದೆ.

ಮೊದಲ ಸಲ ಆದೇಶ ಪಡೆದವರೆಲ್ಲ ಹೆದರುವುದು ಮತಯಂತ್ರಕ್ಕೆ. ಹಲವು ಚುನಾವಣೆಗಳಲ್ಲಿ ಈ ಕೆಲಸ ಮಾಡಿದ ನನ್ನ ಅನುಭವದಲ್ಲಿ ಯಂತ್ರ ತೊಂದರೆ ಕೊಟ್ಟದ್ದು ಕಡಿಮೆ, ಕಾಗದದ ಲೆಕ್ಕ ತಪ್ಪಿದ್ದೇ ಹೆಚ್ಚು. ಆದ್ದರಿಂದ ತರಬೇತಿಯ ದಿನ ಯಂತ್ರ ಜೋಡಿಸುವುದನ್ನು ಕೈಯಾರೆ ಮಾಡಿ ಕಲಿಯುವುದರ ಜೊತೆಗೆ ನಮೂನೆ 17ಎ, ಅಂದರೆ ಮತದಾರರ ರಿಜಿಸ್ಟರ್, ಮತ್ತು ನಮೂನೆ 17ಸಿ, ಅಂದರೆ ದಾಖಲಾದ ಮತಗಳ ಲೆಕ್ಕಪತ್ರ, ಇವೆರಡನ್ನೂ ಒಮ್ಮೆ ಪೂರ್ತಿಯಾಗಿ ತುಂಬಿ ನೋಡಬೇಕು. ಕರ್ತವ್ಯದಲ್ಲಿರುವವರ ಮತವೂ ಮತವೇ ಆದ್ದರಿಂದ, ಅಂಚೆ ಮತಕ್ಕೆ ನಮೂನೆ 12 ಅಥವಾ ತಮ್ಮ ಮತ ಇರುವ ಕ್ಷೇತ್ರದೊಳಗಿನ ಕೆಲಸವಾದರೆ ನಮೂನೆ 12ಎ ಅರ್ಜಿಯನ್ನು ಅಂದೇ ಕೊಟ್ಟುಬಿಡುವುದು ಒಳ್ಳೆಯದು.

ಮಸ್ಟರಿಂಗ್ ದಿನ

ಮತದಾನದ ಹಿಂದಿನ ದಿನ ಬೆಳಿಗ್ಗೆ ಮಸ್ಟರಿಂಗ್ ಕೇಂದ್ರದಲ್ಲಿ, ಅಂದರೆ ಸಿಬ್ಬಂದಿ ಸೇರಿ ಸಾಮಗ್ರಿ ಪಡೆಯುವ ಸ್ಥಳದಲ್ಲಿ, ನಿಮಗೆ ಯಾವ ಮತಗಟ್ಟೆ ಎಂಬುದು ತಿಳಿಯುತ್ತದೆ. ಶಾಮಿಯಾನದ ಕೆಳಗೆ ನೂರಾರು ಜನ ಏಕಕಾಲಕ್ಕೆ ಸಾಮಗ್ರಿ ಪಡೆಯುವಾಗ ಗಡಿಬಿಡಿ ಸಹಜ. ಆದರೂ ಕಂಟ್ರೋಲ್ ಯೂನಿಟ್ (ಸಿಬ್ಬಂದಿಯ ಬಳಿ ಇರುವ ನಿಯಂತ್ರಣ ಯಂತ್ರ), ಬ್ಯಾಲಟ್ ಯೂನಿಟ್ (ಮತದಾರರು ಗುಂಡಿ ಒತ್ತುವ ಯಂತ್ರ) ಮತ್ತು ವಿವಿಪ್ಯಾಟ್ (ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ಯಂತ್ರ) ಮೇಲಿನ ಸಂಖ್ಯೆಗಳು ನಿಮ್ಮ ಮತಗಟ್ಟೆಗೆ ಹಂಚಿಕೆಯಾದ ಸಂಖ್ಯೆಗಳೇ ಎಂದು ಖಚಿತಪಡಿಸಿಕೊಳ್ಳದೆ ಬಸ್ಸು ಹತ್ತಬಾರದು. ಗುರುತು ಮಾಡಲು ಕೊಡುವ ಮತದಾರರ ಪಟ್ಟಿ ನಿಮ್ಮ ಭಾಗದ್ದೇ ಆಗಿದ್ದು ಪುಟಗಳೆಲ್ಲ ಇವೆಯೇ, ಟೆಂಡರ್ ಮತಪತ್ರಗಳು (ತಮ್ಮ ಹೆಸರಿನಲ್ಲಿ ಆಗಲೇ ಮತ ಬಿದ್ದಿರುವವರಿಗೆ ಕೊಡುವ ಕಾಗದದ ಮತಪತ್ರಗಳು), ಯಂತ್ರಕ್ಕೆ ಮೊಹರು ಮಾಡುವ ಹಸಿರು ಪೇಪರ್ ಸೀಲ್, ಸ್ಪೆಷಲ್ ಟ್ಯಾಗ್ ಹಾಗೂ ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಬರುವ ಅಳಿಸಲಾಗದ ಶಾಯಿಯ ಬಾಟಲಿ ಸರಿಯಾಗಿವೆಯೇ ಎಂಬುದನ್ನೂ ಕುಳಿತು ನೋಡಬೇಕು. ವಿವಿಪ್ಯಾಟ್ ಹಿಂಬದಿಯ ಗುಬುಟು ಸಾಗಿಸುವಾಗ ಅಡ್ಡಕ್ಕೆ ಇರಬೇಕು, ಕೆಲಸ ಮಾಡುವಾಗ ನೆಟ್ಟಗೆ.

ಸಂಜೆ ಮತಗಟ್ಟೆ ತಲುಪಿದ ಮೇಲೆ ಕೊಠಡಿಯ ಕಿಟಕಿ, ದೀಪ, ಇಳಿಜಾರು ದಾರಿ ಎಲ್ಲವನ್ನೂ ಪರಿಶೀಲಿಸಿ ಮತದಾನದ ಅಂಕಣವನ್ನು, ಅಂದರೆ ಮತ ಹಾಕುವ ಮರೆಯನ್ನು, ಕಿಟಕಿಯಿಂದ ದೂರ, ಯಾರ ಕಣ್ಣಿಗೂ ಬೀಳದಂತೆ ಇಡಬೇಕು. ಯಂತ್ರ ಬಿಟ್ಟು ಹೊರಗೆ ಮಲಗುವುದಾಗಲೀ, ಅಭ್ಯರ್ಥಿಗಳ ಕಡೆಯವರ ಊಟೋಪಚಾರ ಸ್ವೀಕರಿಸುವುದಾಗಲೀ ಸಲ್ಲದು. ನಮ್ಮ ಊರುಗಳಲ್ಲಿ ಬಿಸಿಯೂಟದ ಅಡುಗೆಯವರು ಮಾಡಿಕೊಡುವ ಅನ್ನ ಸಾರು ಎಷ್ಟೋ ಮತಗಟ್ಟೆ ತಂಡಗಳನ್ನು ಕಾಪಾಡಿದೆ.

ಅಣಕು ಮತದಾನ

ಬೆಳಿಗ್ಗೆ ಏಳಕ್ಕೆ ಮತದಾನವಿದ್ದರೆ ಐದೂವರೆಗೆ ಅಣಕು ಮತದಾನ, ಅಂದರೆ ಯಂತ್ರ ಸರಿಯಿದೆಯೇ ಎಂದು ನೋಡುವ ಪ್ರಾಯೋಗಿಕ ಮತದಾನ, ಆರಂಭಿಸಬೇಕು. ಏಜೆಂಟರು, ಅಂದರೆ ಅಭ್ಯರ್ಥಿಗಳ ಪರವಾಗಿ ಮತಗಟ್ಟೆಯಲ್ಲಿ ಕೂರುವ ಪ್ರತಿನಿಧಿಗಳು, ಬಾರದಿದ್ದರೆ ಹದಿನೈದು ನಿಮಿಷ ಕಾಯಬಹುದು, ಅದಕ್ಕಿಂತ ಹೆಚ್ಚಲ್ಲ. ನೋಟಾ ಸೇರಿದಂತೆ ಎಲ್ಲ ಅಭ್ಯರ್ಥಿಗಳಿಗೂ ಸೇರಿ ಕನಿಷ್ಠ 50 ಮತ ಹಾಕಿಸಿ, ಕಂಟ್ರೋಲ್ ಯೂನಿಟ್ಟಿನ ಫಲಿತಾಂಶವನ್ನು ವಿವಿಪ್ಯಾಟ್ ಚೀಟಿಗಳ ಎಣಿಕೆಯೊಂದಿಗೆ ತಾಳೆ ನೋಡಬೇಕು. ಅನಂತರ ಬರುವುದೇ ಈ ಕೆಲಸದ ಅತಿ ಸೂಕ್ಷ್ಮ ಗಳಿಗೆ: ‘ಕ್ಲೋಸ್’, ‘ರಿಸಲ್ಟ್’, ‘ಕ್ಲಿಯರ್’. ಈ ಮೂರೂ ಗುಂಡಿಗಳನ್ನು ಇದೇ ಕ್ರಮದಲ್ಲಿ ಒತ್ತಿ, ‘ಟೋಟಲ್’ ಒತ್ತಿದಾಗ ಸೊನ್ನೆ ಬರುವುದನ್ನು ಪ್ರತಿಯೊಬ್ಬ ಏಜೆಂಟರಿಗೂ ತೋರಿಸಬೇಕು. ‘ಕ್ಲಿಯರ್’ ಮರೆತು ಅಸಲಿ ಮತದಾನ ಶುರುವಾದರೆ ಅಣಕು ಮತಗಳು ಜನರ ಮತಗಳೊಂದಿಗೆ ಬೆರೆತುಹೋಗುತ್ತವೆ. ವಿವಿಪ್ಯಾಟ್‌ನಲ್ಲಿ ಬಿದ್ದ ಚೀಟಿಗಳನ್ನೂ ಹೊರತೆಗೆದು, ಹಿಂಬದಿಗೆ ಮುದ್ರೆಯೊತ್ತಿ, ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಬೇಕು. ನಾನು ಈ ಹಂತದಲ್ಲಿ ಫೋನು, ಮಾತು ಎಲ್ಲ ನಿಲ್ಲಿಸಿ, ಮಾಡಿದ್ದನ್ನು ಗಟ್ಟಿಯಾಗಿ ಹೇಳುತ್ತ ಹೋಗುತ್ತೇನೆ. ಎದುರಿಗೆ ಕುಳಿತವರು ಕೇಳಿಸಿಕೊಂಡರೆ ಮರೆವಿಗೆ ಅವಕಾಶ ಕಡಿಮೆ.

ಮತದಾನದ ವೇಳೆ

ಮೊದಲ ಮತಗಟ್ಟೆ ಅಧಿಕಾರಿ ಪಟ್ಟಿಯಲ್ಲಿ ಗುರುತು ಮಾಡುತ್ತಾರೆ, ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ 17ಎನಲ್ಲಿ ಸಹಿ ಪಡೆಯುತ್ತಾರೆ, ಮೂರನೆಯವರು ಕಂಟ್ರೋಲ್ ಯೂನಿಟ್ಟಿನಿಂದ ಮತ ಬಿಡುಗಡೆ ಮಾಡುತ್ತಾರೆ. ಅಧ್ಯಕ್ಷಾಧಿಕಾರಿ ಮಾಡಬೇಕಾದ್ದು ಮುಖ್ಯವಾಗಿ ಈ ಮೂವರ ವೇಗ ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳುವುದು. ಪ್ರತಿ ಗಂಟೆಗೊಮ್ಮೆ ‘ಟೋಟಲ್’ ಒತ್ತಿ, ಬಂದ ಸಂಖ್ಯೆಯನ್ನು 17ಎನ ಕೊನೆಯ ಕ್ರಮಸಂಖ್ಯೆಯೊಂದಿಗೆ ಹೋಲಿಸಿ. ವ್ಯತ್ಯಾಸ ಹತ್ತು ಗಂಟೆಗೆ ಕಂಡರೆ ಕಾರಣ ಹುಡುಕಬಹುದು, ಸಂಜೆ ಆರಕ್ಕೆ ಕಂಡರೆ ಕಷ್ಟ. ಸಹಿ ಹಾಕಿದ ಮೇಲೆ ಮತ ಹಾಕಲು ನಿರಾಕರಿಸಿದವರನ್ನು 49ಒ ನಿಯಮದಂತೆ ರಿಜಿಸ್ಟರಿನಲ್ಲಿ ಷರಾ ಬರೆದು ದಾಖಲಿಸಿದ್ದರೆ ವ್ಯತ್ಯಾಸಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಮತದಾನದ ನಡುವೆ ಕಂಟ್ರೋಲ್ ಅಥವಾ ಬ್ಯಾಲಟ್ ಯೂನಿಟ್ ಕೆಟ್ಟರೆ ಮೂರೂ ಯಂತ್ರಗಳನ್ನು ಬದಲಿಸಬೇಕು. ವಿವಿಪ್ಯಾಟ್ ಒಂದೇ ಕೆಟ್ಟರೆ ಅದನ್ನಷ್ಟೇ ಬದಲಿಸಿದರೆ ಸಾಕು. ಮತದಾರರ ಗುರುತನ್ನು ಏಜೆಂಟರು ಪ್ರಶ್ನಿಸುವುದಾದರೆ ಎರಡು ರೂಪಾಯಿ ಠೇವಣಿ ಪಡೆದು ಸ್ಥಳದಲ್ಲೇ ವಿಚಾರಣೆ ನಡೆಸಬೇಕು.

ಒಮ್ಮೆ ಮಧ್ಯಾಹ್ನ ಮೂರರ ಸುಮಾರಿಗೆ ವೃದ್ಧೆಯೊಬ್ಬರು ಚೀಟಿ ಹಿಡಿದು ಬಂದರು. ಪಟ್ಟಿಯಲ್ಲಿ ಅವರ ಹೆಸರಿನ ಮೇಲೆ ಆಗಲೇ ಗೆರೆ ಬಿದ್ದಿತ್ತು. ಅದೇ ಹೆಸರಿನ ಇನ್ನೊಬ್ಬರು ಬೆಳಿಗ್ಗೆ ಬಂದಾಗ ನಮ್ಮ ತಂಡದವರು ಗಂಡನ ಹೆಸರು ಓದದೆ ತಪ್ಪು ಸಾಲಿಗೆ ಗೆರೆ ಎಳೆದಿದ್ದರು. ಅವರಿಗೆ ಯಂತ್ರದಲ್ಲಿ ಮತ ಹಾಕಿಸುವಂತಿಲ್ಲ. 49ಪಿ ನಿಯಮದಂತೆ ನಮೂನೆ 17ಬಿಯಲ್ಲಿ ಸಹಿ ಪಡೆದು ಟೆಂಡರ್ ಮತಪತ್ರ ಕೊಟ್ಟೆ. ಬಾಣದ ಗುರುತಿನ ಮುದ್ರೆಯನ್ನು ನಡುಗುವ ಕೈಯಲ್ಲಿ ಒತ್ತಿ, ಮಡಿಸಿ ಕೊಡುತ್ತ, ‘ಇದು ಲೆಕ್ಕಕ್ಕೆ ಬರ್ತದಾ ಸ್ವಾಮಿ?’ ಎಂದು ಕೇಳಿದರು. ಟೆಂಡರ್ ಮತ ಸಾಮಾನ್ಯ ಎಣಿಕೆಗೆ ಸೇರುವುದಿಲ್ಲ, ನ್ಯಾಯಾಲಯದಲ್ಲಿ ವ್ಯಾಜ್ಯವಾದಾಗಷ್ಟೇ ಅದನ್ನು ಪರಿಗಣಿಸಬಹುದು. ಅದನ್ನು ಅವರಿಗೆ ಹೇಳಬೇಕಾಗಿ ಬಂದದ್ದು ಇಂದಿಗೂ ನನ್ನನ್ನು ಕಾಡುತ್ತದೆ. ಅಂದಿನಿಂದ ಹೆಸರಿನ ಜೊತೆಗೆ ತಂದೆಯ ಅಥವಾ ಗಂಡನ ಹೆಸರು, ಕ್ರಮಸಂಖ್ಯೆ, ಫೋಟೊ ಮೂರನ್ನೂ ನೋಡಿದ ಮೇಲೆಯೇ ಗೆರೆ ಎಳೆಯಬೇಕೆಂದು ಹಿಂದಿನ ರಾತ್ರಿಯೇ ತಂಡಕ್ಕೆ ಹೇಳಿ ಅಭ್ಯಾಸ ಮಾಡಿಸುತ್ತೇನೆ.

ಮುಕ್ತಾಯ ಮತ್ತು ಡಿಮಸ್ಟರಿಂಗ್

ನಿಗದಿತ ಸಮಯ ಮುಗಿದಾಗ ಸಾಲಿನಲ್ಲಿ ಇರುವವರಿಗೆಲ್ಲ ಸಹಿ ಮಾಡಿದ ಚೀಟಿ ಹಂಚಬೇಕು, ಅದೂ ಸಾಲಿನ ತುದಿಯಲ್ಲಿ ನಿಂತವರಿಂದ ಆರಂಭಿಸಿ ಬಾಗಿಲ ಕಡೆಗೆ. ಹಾಗೆ ಮಾಡಿದರೆ ತಡವಾಗಿ ಬಂದವರು ನಡುವೆ ಸೇರಲಾಗದು. ಕೊನೆಯ ಮತ ಬಿದ್ದ ಮೇಲೆ ‘ಕ್ಲೋಸ್’ ಗುಂಡಿ ಒತ್ತಿ, ಒಟ್ಟು ಸಂಖ್ಯೆಯನ್ನು 17ಸಿಯಲ್ಲಿ ಬರೆದು, ಹಾಜರಿರುವ ಪ್ರತಿ ಏಜೆಂಟರಿಗೂ ಪ್ರತಿ ಕೊಟ್ಟು ಸಹಿ ಪಡೆಯಬೇಕು. ವಿವಿಪ್ಯಾಟ್‌ನ ಬ್ಯಾಟರಿ ತೆಗೆಯಬೇಕು, ಕಂಟ್ರೋಲ್ ಯೂನಿಟ್ಟಿನದನ್ನು ತೆಗೆಯಬಾರದು.

ದಣಿವಿನಲ್ಲಿ ಎಲ್ಲ ಕಾಗದಗಳನ್ನೂ ಒಟ್ಟಿಗೆ ಲಕೋಟೆಗೆ ತುರುಕಿ ಅರಗು ಹಾಕಿಬಿಡುವವರನ್ನು ನೋಡಿದ್ದೇನೆ. 17ಸಿ ಮತ್ತು ಅಧ್ಯಕ್ಷಾಧಿಕಾರಿಯ ಡೈರಿಯನ್ನು ಡಿಮಸ್ಟರಿಂಗ್ ಕೌಂಟರಿನಲ್ಲಿ, ಅಂದರೆ ಸಾಮಗ್ರಿ ಮರಳಿಸುವ ಜಾಗದಲ್ಲಿ, ಪ್ರತ್ಯೇಕವಾಗಿ ಒಪ್ಪಿಸಬೇಕಾದ್ದರಿಂದ ಅವೆರಡನ್ನು ಬೇರೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಮಧ್ಯರಾತ್ರಿಯಾದರೂ ಸರಿ, ಯಂತ್ರಗಳ ಸಂಖ್ಯೆ ನಮೂದಿಸಿದ ಸ್ವೀಕೃತಿ ಪತ್ರವನ್ನು ಓದಿ ಕೈಗೆ ಪಡೆಯುವವರೆಗೂ ತಂಡದ ಯಾರನ್ನೂ ಮನೆಗೆ ಕಳಿಸಬೇಡಿ. ಕೌಂಟರಿನಲ್ಲಿ ಒಂದು ಸಹಿ ಕಡಿಮೆ ಬಂದರೂ ಅವರನ್ನು ಕತ್ತಲಲ್ಲಿ ಮತ್ತೆ ಕರೆಸಬೇಕಾಗುತ್ತದೆ.